ಗಿಟಾರಿನ ದುಡ್ಡು ಎಲ್ಲಿಂದ ಬರುತ್ತದೆ?

ಪ್ರಿಯ ಓದುಗರೆ,

ಹೆಸರಾಂತ ಗಿಟಾರ್ ವಾದಕರ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಬಂದ ಲೇಖನ ಓದಿ ನೀವು ಬರೆದ ಪತ್ರ ತಲುಪಿತು. "ಎಲ್ಲರೂ ಮೀಟುವುದು ಅದೇ ಆರು ತಂತಿ. ಆದರೂ ಒಬ್ಬರಿಗೆ ಬಂಗಲೆ, ಇನ್ನೊಬ್ಬರಿಗೆ ಬಾಡಿಗೆ ಮನೆ. ಇದು ಕೈಚಳಕದ ವ್ಯತ್ಯಾಸವೋ, ಅದೃಷ್ಟವೋ, ಇಲ್ಲ ಹಳೇ ಗಿಟಾರ್‌ಗಳನ್ನು ಹರಾಜು ಹಾಕಿ ದುಡ್ಡು ಮಾಡುತ್ತಾರೋ?" ಎಂದು ಕೇಳಿದ್ದೀರಿ. ಜೊತೆಗೆ ಯಾರ ಆಸ್ತಿ ಎಷ್ಟು ಎಂಬ ಒಂದು ಪಟ್ಟಿಯನ್ನೂ ಲಗತ್ತಿಸಿದ್ದೀರಿ. ಎರಡು ಸಾಲಿನಲ್ಲಿ ಉತ್ತರಿಸುವ ಪ್ರಶ್ನೆ ಇದಲ್ಲ. ಅದಕ್ಕೇ ಈ ಸಲ ಇಡೀ ಪುಟ ನಿಮಗೇ.

ಪಟ್ಟಿಯ ಮಾತು ಮೊದಲು ಮುಗಿಸಿಬಿಡೋಣ. ಅದನ್ನು ಮಡಚಿ ಪಕ್ಕಕ್ಕಿಡಿ. ಒಬ್ಬರ ಸಾಲ ಎಷ್ಟು, ಕಟ್ಟಿದ ತೆರಿಗೆ ಎಷ್ಟು, ವಿಚ್ಛೇದನದಲ್ಲಿ ಹೋದದ್ದೆಷ್ಟು, ಯಾವುದೂ ಗೊತ್ತಿಲ್ಲದೆ "ಇವರ ಆಸ್ತಿ ಇಷ್ಟು ಕೋಟಿ" ಎಂದರೆ ಅದು ಬರೀ ಊಹೆ. ಬ್ರಿಟನ್ನಿನಲ್ಲಿ ಕಂಪನಿಗಳು ಪ್ರತಿವರ್ಷ ಲೆಕ್ಕಪತ್ರ ಸಲ್ಲಿಸಬೇಕು, ಅದನ್ನು ಯಾರು ಬೇಕಾದರೂ ತೆಗೆದು ನೋಡಬಹುದು. ಅಲ್ಲಿನ ದೊಡ್ಡ ಬ್ಯಾಂಡ್‌ಗಳು ಕಂಪನಿ ಮಾಡಿಕೊಂಡಿರುವುದರಿಂದ ಅವರ ಬಗ್ಗೆ ಅಂದಾಜು ಕಟ್ಟಲು ಒಂದಿಷ್ಟು ಆಧಾರ ಸಿಗುತ್ತದೆ. ಅಮೆರಿಕದ ಖಾಸಗಿ ಕಂಪನಿಗಳಿಗೆ ಆ ಕಟ್ಟುಪಾಡಿಲ್ಲ. ಹಾಡುಗಳ ಹಕ್ಕು ಮಾರಾಟವಾದಾಗ ಕೇಳಿಬರುವ ಮೊತ್ತಗಳೂ ಹೆಚ್ಚಿನವು ಪತ್ರಿಕಾ ವರದಿಗಳೇ. ಕೆಳಗೆ ನಾನು ಕೊಡುವ ಅಂಥ ಅಂಕಿಗಳನ್ನೂ ಹಾಗೆಯೇ ಓದಿಕೊಳ್ಳಿ.

ಹರಾಜಿನದೂ ಹೆಚ್ಚು ಹೊತ್ತಿನ ಮಾತಲ್ಲ. ಪಿಂಕ್ ಫ್ಲಾಯ್ಡ್‌ನ ಡೇವಿಡ್ ಗಿಲ್ಮೋರ್ 2019ರ ಜೂನ್‌ನಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್‌ನಲ್ಲಿ ತಮ್ಮ 120ಕ್ಕೂ ಹೆಚ್ಚು ಗಿಟಾರ್ ಮಾರಿದರು. 1970ರಲ್ಲಿ ಕೊಂಡಿದ್ದ ಕಪ್ಪು ಸ್ಟ್ರಾಟೋಕ್ಯಾಸ್ಟರ್ ಗಿಟಾರ್ ಒಂದಕ್ಕೇ 39,75,000 ಡಾಲರ್ ಬಂತು. ಒಟ್ಟು ಸುಮಾರು 2 ಕೋಟಿ 15 ಲಕ್ಷ ಡಾಲರ್. ಅಷ್ಟನ್ನೂ ಅವರು ಪರಿಸರಕ್ಕಾಗಿ ಕೋರ್ಟಿನಲ್ಲಿ ಹೋರಾಡುವ ಕ್ಲೈಂಟ್‌ಅರ್ತ್ ಎಂಬ ಸಂಸ್ಥೆಗೆ ಕೊಟ್ಟುಬಿಟ್ಟರು. ಎರಿಕ್ ಕ್ಲಾಪ್ಟನ್ ತಮ್ಮ 'ಬ್ಲ್ಯಾಕಿ' ಎಂಬ ಗಿಟಾರನ್ನು 2004ರಲ್ಲಿ 9,59,500 ಡಾಲರಿಗೆ ಮಾರಿದ್ದು, ಆಂಟಿಗುವಾದಲ್ಲಿ ತಾವೇ ಕಟ್ಟಿಸಿದ ವ್ಯಸನಮುಕ್ತಿ ಕೇಂದ್ರಕ್ಕಾಗಿ. ಕರ್ಟ್ ಕೊಬೇನ್ ನುಡಿಸಿದ್ದ ಮಾರ್ಟಿನ್ ಗಿಟಾರ್ 2020ರಲ್ಲಿ 60 ಲಕ್ಷ ಡಾಲರ್ ದಾಟಿತು. ಅಷ್ಟರಲ್ಲಿ ಅವರು ತೀರಿಕೊಂಡು 26 ವರ್ಷವಾಗಿತ್ತು. ಹರಾಜಿನಲ್ಲಿ ಗಿಟಾರಿಗೆ ಈ ಬೆಲೆ ಬರುವುದು ನುಡಿಸಿದವರು ಮೊದಲೇ ದೊಡ್ಡವರಾಗಿದ್ದರೆ ಮಾತ್ರ. ದೊಡ್ಡವರಾಗುವ ದಾರಿ ಬೇರೆಯೇ ಇದೆ.

ಆ ದಾರಿ ಗೊತ್ತಾಗಬೇಕಾದರೆ ಒಂದು ವಿಷಯ ತಿಳಿದಿರಬೇಕು. ಒಂದು ಹಾಡಿನೊಳಗೆ ಎರಡು ಆಸ್ತಿ ಇರುತ್ತವೆ. ಒಂದು, ಹಾಡು: ಅದರ ಪದ ಮತ್ತು ರಾಗ. ಇದು ಬರೆದವರದು. ಇನ್ನೊಂದು, ಆ ಹಾಡನ್ನು ಸ್ಟುಡಿಯೋದಲ್ಲಿ ಹಿಡಿದಿಟ್ಟ ಮೂಲ ರೆಕಾರ್ಡಿಂಗ್. ಇದನ್ನು ಮಾಸ್ಟರ್ ಅನ್ನುತ್ತಾರೆ, ಸಾಮಾನ್ಯವಾಗಿ ಇದು ರೆಕಾರ್ಡ್ ಕಂಪನಿಯ ಕೈಯಲ್ಲಿರುತ್ತದೆ. ಹಾಗಾದರೆ ಮೈ ಜುಮ್ಮೆನ್ನುವಂತೆ ಗಿಟಾರ್ ನುಡಿಸಿದವರದು? ಸುಮ್ನೆ ನುಡಿಸಿದ್ದಕ್ಕೆ ಮೂರನೇ ಆಸ್ತಿ ಅಂತ ಒಂದಿಲ್ಲ. ಅವರ ಹೆಸರು ಮೊದಲ ಪಟ್ಟಿಯಲ್ಲಿ ಸೇರಿದೆಯೇ, ಎರಡನೆಯದರಲ್ಲಿ ಅವರಿಗೆ ಎಷ್ಟು ಪಾಲಿದೆ ಎನ್ನುವುದರ ಮೇಲೆ ಎಲ್ಲ ನಿಂತಿದೆ.

ದಿ ಪೊಲೀಸ್ ಬ್ಯಾಂಡಿನ 'ಎವ್ರಿ ಬ್ರೆತ್ ಯು ಟೇಕ್' ನೀವು ಕೇಳಿರುತ್ತೀರಿ. 1983ರದು. ಆ ಹಾಡು ಅಂದ ಕೂಡಲೇ ಕಿವಿಯಲ್ಲಿ ಮೊದಲು ಏನು ಕೇಳಿಸುತ್ತದೆ ಹೇಳಿ? ಆ್ಯಂಡಿ ಸಮ್ಮರ್ಸ್ ನುಡಿಸಿದ ಗಿಟಾರ್, ಅಲ್ವಾ? ಒಂದೊಂದೇ ತಂತಿಯನ್ನು ಬಿಡಿಸಿ ಮೀಟುತ್ತಾ, ಅಂಗೈಯಿಂದ ಸ್ವಲ್ಪ ಒತ್ತಿಹಿಡಿದು ನುಡಿಸಿದ ಆ ಸಾಲು. ಆದರೆ ಹಾಡು ಬರೆದವರು ಅಂತ ದಾಖಲಾಗಿರುವ ಹೆಸರು ಒಂದೇ, ಬ್ಯಾಂಡಿನ ಹಾಡುಗಾರ ಸ್ಟಿಂಗ್. 1997ರಲ್ಲಿ ರ‍್ಯಾಪ್ ಹಾಡುಗಾರ ಪಫ್ ಡ್ಯಾಡಿ ಅದೇ ಗಿಟಾರ್ ಸಾಲನ್ನು ತೆಗೆದುಕೊಂಡು ತನ್ನ ಹಾಡು ಕಟ್ಟಿದ, ಅದು ಪ್ರಪಂಚದಾದ್ಯಂತ ಓಡಿತು. ಹಾಡು ಬರೆದವರಿಗೆ ಸಲ್ಲುವ ಹಣ ಸ್ಟಿಂಗ್ ಕಡೆಗೆ ಹರಿಯಿತು. 2022ರಲ್ಲಿ ಸ್ಟಿಂಗ್ ತಮ್ಮ ಹಾಡುಗಳ ಹಕ್ಕನ್ನು ಯೂನಿವರ್ಸಲ್ ಕಂಪನಿಗೆ ಮಾರಿದರು. ಮೊತ್ತ ಸುಮಾರು 30 ಕೋಟಿ ಡಾಲರ್ ಎಂದು ವರದಿಯಾಯಿತು. ಸಮ್ಮರ್ಸ್ ಮತ್ತು ಡ್ರಮ್ಮರ್ ಸ್ಟೂವರ್ಟ್ ಕೋಪ್ಲಂಡ್ ತಮ್ಮ ಪಾಲು ಬರಬೇಕೆಂದು 2025ರಲ್ಲಿ ಲಂಡನ್ನಿನ ಹೈಕೋರ್ಟಿನ ಮೆಟ್ಟಿಲೇರಿದರು. ಸಮ್ಮರ್ಸ್ ಬಡವರೇನಲ್ಲ. ಆದರೆ ಒಂದೇ ಹಾಡು, ಒಂದೇ ಸ್ಟುಡಿಯೋ, ಇಬ್ಬರು ಮನುಷ್ಯರು, ಅಂತರ ನೋಡಿ.

ಯಾಕೆ ಇಷ್ಟು ಅಂತರ? ಅಮೆರಿಕದ ಲೆಕ್ಕ ತೆಗೆದುಕೊಳ್ಳಿ. ಅಲ್ಲಿ ಒಂದು ಹಾಡಿನ ಒಂದು ಪ್ರತಿ ಮಾರಾಟವಾದರೆ ಬರೆದವರ ಕಡೆಗೆ ಇಷ್ಟು ಕೊಡಬೇಕು ಎಂದು ಕಾನೂನೇ ದರ ನಿಗದಿ ಮಾಡುತ್ತದೆ. 1909ರಿಂದ 1977ರವರೆಗೆ ಅದು ಬರೀ 2 ಸೆಂಟ್ ಇತ್ತು. 2006ರಿಂದ 2022ರವರೆಗೆ 9.1 ಸೆಂಟ್. ಚಿಲ್ಲರೆ ಕಾಸು ಅನ್ನಿಸುತ್ತದೆ. ಆದರೆ 10 ಹಾಡಿನ ಒಂದು ಆಲ್ಬಂ 10 ಲಕ್ಷ ಪ್ರತಿ ಹೋದರೆ 9,10,000 ಡಾಲರ್ ಆಯಿತು. ಒಪ್ಪಂದದಲ್ಲಿ ಕಡಿತ ಇರುವುದುಂಟು, ಪ್ರಕಾಶಕರ ಪಾಲೂ ಹೋಗುತ್ತದೆ. ಆದರೂ ಮೊದಲ ಪ್ರತಿಯಿಂದಲೇ ಈ ಹಣ ಬರಲು ಶುರುವಾಗುತ್ತದೆ. ನುಡಿಸಿದವರ ಕಥೆ ಹಾಗಲ್ಲ. ಕಂಪನಿ ಕೊಟ್ಟ ಅಡ್ವಾನ್ಸ್, ಸ್ಟುಡಿಯೋ ಬಾಡಿಗೆ, ವಿಡಿಯೋ ಖರ್ಚಿನಲ್ಲೊಂದು ಭಾಗ, ಎಲ್ಲವೂ ಅವರ ಲೆಕ್ಕಕ್ಕೆ ಸಾಲವಾಗಿ ಬೀಳುತ್ತದೆ. ಅವರ ಪಾಲಿನ ರಾಯಲ್ಟಿಯಿಂದ ಅದಿಷ್ಟೂ ತೀರಿದ ಮೇಲೆ ಏನಾದರೂ ಉಳಿದರೆ ಉಂಟು. ಲಕ್ಷಗಟ್ಟಲೆ ಪ್ರತಿ ಮಾರಿದ ಬ್ಯಾಂಡಿನ ಗಿಟಾರ್ ವಾದಕ ಕಂಪನಿಯ ಪುಸ್ತಕದಲ್ಲಿ ಇನ್ನೂ ಸಾಲಗಾರನಾಗಿಯೇ ಇರುವುದು ಈ ಕಾರಣಕ್ಕೆ. ಇನ್ನು ರೇಡಿಯೋ. ಅಮೆರಿಕದ ಮಾಮೂಲಿ ರೇಡಿಯೋ ಕೇಂದ್ರಗಳು ಹಾಡು ಬರೆದವರಿಗೆ ಹಣ ಕೊಡುತ್ತವೆ, ಹಾಡಿದವರಿಗೂ ನುಡಿಸಿದವರಿಗೂ ಕೊಡುವುದಿಲ್ಲ. ನಲವತ್ತು ವರ್ಷ ದಿನಾ ರೇಡಿಯೋದಲ್ಲಿ ನಿಮ್ಮ ಸೋಲೋ ಬರುತ್ತಿದ್ದರೂ ಅಲ್ಲಿಂದ ನಿಮಗೆ ಒಂದು ಕಾಸೂ ಹುಟ್ಟುವುದಿಲ್ಲ.

ಕ್ವೀನ್ ಬ್ಯಾಂಡಿನ ಒಂದು ಪ್ರಸಂಗ ನನಗೆ ತುಂಬಾ ಇಷ್ಟ. 1975ರಲ್ಲಿ 'ಬೊಹೀಮಿಯನ್ ರ್‍ಯಾಪ್ಸೊಡಿ' ಸಿಂಗಲ್ (ಎರಡೂ ಬದಿಗೆ ಒಂದೊಂದೇ ಹಾಡಿರುವ ಸಣ್ಣ ರೆಕಾರ್ಡ್ ತಟ್ಟೆ) ಬಂತು. ಒಂದು ಕಡೆ ಫ್ರೆಡ್ಡಿ ಮರ್ಕ್ಯುರಿ ಬರೆದ ಆ ಮಹಾ ಹಾಡು. ತಟ್ಟೆಯ ಇನ್ನೊಂದು ಕಡೆ ಡ್ರಮ್ಮರ್ ರೋಜರ್ ಟೇಲರ್ ಕಾರ್ ಪ್ರೀತಿಯ ಬಗ್ಗೆ ಬರೆದ ಹಾಡು. ಜನ ಕೊಂಡದ್ದು ಯಾವ ಹಾಡಿಗಾಗಿ ಎಂದು ಕೇಳಬೇಕೇ? ಆದರೆ ತಟ್ಟೆಗೆ ಎರಡು ಮುಖ, ಎರಡಕ್ಕೂ ಸಮಪಾಲು. ಆ ಕಾರಿನ ಹಾಡು ಮರ್ಕ್ಯುರಿಯ ಹಾಡಿನಷ್ಟೇ ಹಣ ತಂದಿತು. ಇದರ ಮೇಲೆ ಬ್ಯಾಂಡಿನೊಳಗೆ ಮುನಿಸು ನಡೆಯಿತು ಎಂದು ಗಿಟಾರ್ ವಾದಕ ಬ್ರಯನ್ ಮೇ ಹೇಳಿಕೊಂಡಿದ್ದಾರೆ. ಕೊನೆಗೆ 1989ರ ಆಲ್ಬಮ್ಮಿನ ಹೊತ್ತಿಗೆ ಯಾರೇ ಬರೆಯಲಿ, ಎಲ್ಲ ಹಾಡೂ ಕ್ವೀನ್ ಹೆಸರಿಗೆ ಎಂದು ನಾಲ್ವರೂ ಒಪ್ಪಿಕೊಂಡರು. ಯು2 ಮತ್ತು ಆರ್.ಇ.ಎಂ. ಬ್ಯಾಂಡ್‌ಗಳು ಈ ಬುದ್ಧಿಯನ್ನು ಮೊದಲೇ ತಂದುಕೊಂಡಿದ್ದವು. ಯು2ದ ಎಡ್ಜ್, ಆರ್.ಇ.ಎಂ.ನ ಪೀಟರ್ ಬಕ್ ಇಬ್ಬರೂ ಗಿಟಾರ್ ವಾದಕರು, ಇಬ್ಬರಿಗೂ ಹಾಡುಗಳಲ್ಲಿ ಉಳಿದವರಷ್ಟೇ ಪಾಲು. ನನ್ನನ್ನು ಕೇಳಿದರೆ, ಬ್ಯಾಂಡ್ ಕಟ್ಟುವ ಮಕ್ಕಳು ಮೊದಲ ಹಾಡು ಮುಗಿಯುವ ಮುಂಚೆ ಕೂತು ಮಾತಾಡಬೇಕಾದ್ದು ಇದನ್ನೇ. ಆಮೇಲೆ ವಕೀಲರಿಗೆ ಸುರಿಯುವುದಕ್ಕಿಂತ ಆಗ ಹಂಚಿಕೊಳ್ಳುವುದು ಅಗ್ಗ.

ಹೆಸರು ಸೇರಿಸಿಕೊಳ್ಳದವರ ಕಥೆ ಒಂದಾದರೆ, ಸಂಬಂಧವಿಲ್ಲದವರ ಹೆಸರು ಸೇರಿಕೊಳ್ಳುವ ಕಥೆ ಇನ್ನೊಂದು. ಚಕ್ ಬೆರಿಯ ಮೊದಲ ಹಿಟ್ 'ಮೇಬೆಲೀನ್' 1955ರಲ್ಲಿ ಬಂದಾಗ ಬರೆದವರ ಜಾಗದಲ್ಲಿ ಮೂರು ಹೆಸರಿದ್ದವು. ಒಂದು ಬೆರಿಯದು. ಇನ್ನೆರಡರಲ್ಲಿ ಒಂದು ಅಲನ್ ಫ್ರೀಡ್ ಎಂಬ ಪ್ರಸಿದ್ಧ ರೇಡಿಯೋ ಡಿಜೆಯದು. ಹಾಡು ಬರೆಯುವುದರಲ್ಲಿ ಫ್ರೀಡ್ ಕೈಯಿರಲಿಲ್ಲ. ಆದರೆ ಪಾಲಿದ್ದರೆ ಹಾಡನ್ನು ಮತ್ತೆ ಮತ್ತೆ ಹಾಕುತ್ತಾರಲ್ಲ! ಆ ಹೆಸರನ್ನು ತೆಗೆಸಲು ಬೆರಿಗೆ 1986ರವರೆಗೆ ಕಾಯಬೇಕಾಯಿತು. ಮುಂದೆ ಬೆರಿ ಯಾರನ್ನೂ ನಂಬದ ಮನುಷ್ಯ ಎಂದೇ ಹೆಸರಾದರು. ಊರಿಂದೂರಿಗೆ ಒಬ್ಬರೇ ಗಿಟಾರ್ ಹಿಡಿದು ಹೋಗುವರು. ಹಿಮ್ಮೇಳದವರನ್ನು ಆಯಾ ಊರಿನಲ್ಲೇ ಪ್ರೊಮೋಟರ್, ಅಂದರೆ ಕಾರ್ಯಕ್ರಮ ಏರ್ಪಡಿಸುವವರು, ಹೊಂದಿಸಬೇಕು. ರಿಹರ್ಸಲ್ ಇಲ್ಲ. ಸ್ಟೇಜ್ ಹತ್ತುವ ಮೊದಲು ಹಣ ನಗದಾಗಿ ಕೈಗೆ ಬರಬೇಕು. ಖರ್ಚು ಉಳಿಸುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಆದರೆ ನಗದಿನ ಹಣ ತೆರಿಗೆಯವರ ಕಣ್ಣಿಗೆ ಬಿದ್ದೇ ಬಿತ್ತು, 1979ರಲ್ಲಿ ಜೈಲಿಗೂ ಹೋಗಿ ಬಂದರು.

ಜಿಮ್ಮಿ ಪೇಜ್ ತದ್ವಿರುದ್ಧ. ಲೆಡ್ ಜೆಪ್ಪೆಲಿನ್ ಕಟ್ಟುವ ಮುಂಚೆ ಅವರು ಲಂಡನ್ನಿನ ಸ್ಟುಡಿಯೋಗಳಲ್ಲಿ ಬೇರೆಯವರ ಹಾಡಿಗೆ ದಿನಗೂಲಿಯಂತೆ ನುಡಿಸುತ್ತಿದ್ದ ಸೆಷನ್ ವಾದಕ. ಸ್ಟುಡಿಯೋದ ಒಳಗುಟ್ಟೆಲ್ಲ ಕಲಿತದ್ದು ಅಲ್ಲೇ. 1968ರಲ್ಲಿ ತಮ್ಮ ಬ್ಯಾಂಡಿನ ಮೊದಲ ಆಲ್ಬಮ್ಮನ್ನು ಯಾವ ಕಂಪನಿಯ ಹಂಗೂ ಇಲ್ಲದೆ ಸ್ವಂತ ದುಡ್ಡಿನಲ್ಲಿ ಮುಗಿಸಿದರು. ಅವರೇ ಹೇಳಿರುವಂತೆ ಸ್ಟುಡಿಯೋದಲ್ಲಿ ಕಳೆದದ್ದು ಸುಮಾರು 36 ಗಂಟೆ, ಒಟ್ಟು ಖರ್ಚು 1,782 ಪೌಂಡ್. ನಿರ್ಮಾಪಕರೂ ಅವರೇ. ಮ್ಯಾನೇಜರ್ ಪೀಟರ್ ಗ್ರಾಂಟ್ ಆ ಮುಗಿದ ಟೇಪ್ ಹಿಡಿದು ಅಟ್ಲಾಂಟಿಕ್ ಕಂಪನಿಯ ಬಾಗಿಲಿಗೆ ಹೋದಾಗ ಕಂಪನಿ ಹೇಳಿದಂತೆ ಕೇಳುವ ಅಗತ್ಯವೇ ಇರಲಿಲ್ಲ. ಹೊಸ ಬ್ಯಾಂಡಿಗೆ ಆಗ ಕಂಡು ಕೇಳರಿಯದಷ್ಟು ಅಡ್ವಾನ್ಸ್ ಬಂತು. ಯಾವ ಹಾಡು, ಯಾವ ಮುಖಪುಟ ಎಂಬ ತೀರ್ಮಾನವೂ ಬ್ಯಾಂಡಿನ ಕೈಯಲ್ಲೇ ಉಳಿಯಿತು. ಗ್ರಾಂಟ್ ಅಷ್ಟಕ್ಕೇ ಬಿಡಲಿಲ್ಲ. ಸಂಗೀತ ಕಛೇರಿಯ ಟಿಕೆಟ್ ಹಣದಲ್ಲಿ ನೂರಕ್ಕೆ 90 ಬ್ಯಾಂಡಿಗೆ, 10 ಪ್ರೊಮೋಟರಿಗೆ ಎಂದು ಪಟ್ಟುಹಿಡಿದರು. ಅಲ್ಲಿಯವರೆಗೆ ಪ್ರೊಮೋಟರುಗಳ ಪಾಲು ಎಷ್ಟೋ ಜಾಸ್ತಿ ಇತ್ತು. 1972ರಲ್ಲಿ ಪೇಜ್ ಲಂಡನ್ನಿನಲ್ಲಿ ನಟ ರಿಚರ್ಡ್ ಹ್ಯಾರಿಸ್ ಅವರಿಂದ ಟವರ್ ಹೌಸ್ ಎಂಬ ಕೋಟೆಯಂಥ ಮನೆಯನ್ನು 3,50,000 ಪೌಂಡಿಗೆ ಕೊಂಡರು. ನೀವು ಬರೆದ ಬಂಗಲೆ ಇಂಥದ್ದೇ ಇರಬೇಕು.

ನಿಮ್ಮ ಬಾಡಿಗೆ ಮನೆಯ ವಾದಕರು ಹೆಚ್ಚಾಗಿ ಆ ಸೆಷನ್ ಸಾಲಿನವರೇ. ಅವರಲ್ಲಿ ಕೈಚಳಕ ಕಡಿಮೆಯೇನಿಲ್ಲ. ಹೆಸರಾಂತರು ತಡಬಡಿಸುವ ಜಾಗದಲ್ಲಿ ಅವರು ಒಂದೇ ಸಲಕ್ಕೆ ನುಡಿಸಿ ಮುಗಿಸುತ್ತಾರೆ. 1960ರ ದಶಕದ ಲಾಸ್ ಏಂಜಲೀಸ್‌ನಲ್ಲಿ 'ವ್ರೆಕಿಂಗ್ ಕ್ರೂ' ಎಂದು ಕರೆಸಿಕೊಂಡ ವಾದಕರ ಗುಂಪು ಹಿಟ್ ಮೇಲೆ ಹಿಟ್ ನುಡಿಸಿತು. ತಟ್ಟೆಯ ಮೇಲೆ ಹೆಸರು ಬೇರೆಯವರದು. ಮೂರು ಗಂಟೆಯ ಸೆಷನ್ನಿಗೆ ಯೂನಿಯನ್ ಗೊತ್ತುಮಾಡಿದ ದರ, ಅಲ್ಲಿಗೆ ಲೆಕ್ಕ ಮುಗಿಯಿತು. ಅದೇ ಗುಂಪಿನಲ್ಲಿ ಗಿಟಾರ್ ನುಡಿಸುತ್ತಿದ್ದ ಗ್ಲೆನ್ ಕ್ಯಾಂಪ್‌ಬೆಲ್ ಮುಂದೆ ಹಾಡುಗಾರನಾಗಿ ಮೈಕ್ ಮುಂದೆ ನಿಂತ ಮೇಲೆ ಅವರ ಅದೃಷ್ಟ ಬದಲಾಯಿತು. ಎಡ್ಡಿ ವ್ಯಾನ್ ಹೇಲನ್ ಅಂತೂ 1982ರಲ್ಲಿ ಮೈಕಲ್ ಜಾಕ್ಸನ್‌ನ 'ಬೀಟ್ ಇಟ್' ಹಾಡಿನ ಸೋಲೋವನ್ನು ಸ್ನೇಹಕ್ಕೆಂದು ಬಿಟ್ಟಿಯಾಗಿ ನುಡಿಸಿಕೊಟ್ಟರು. ಆ ಆಲ್ಬಂ ಪ್ರಪಂಚದಲ್ಲೇ ಅತಿ ಹೆಚ್ಚು ಮಾರಾಟವಾಯಿತು!

ಆದರೆ ಎಡ್ಡಿ ದಡ್ಡರಲ್ಲ. ಬೇರೆ ಬೇರೆ ಗಿಟಾರ್‌ಗಳ ಭಾಗ ಜೋಡಿಸಿ ತಮ್ಮ ಗಿಟಾರ್ ತಾವೇ ಮಾಡಿಕೊಂಡ ಮನುಷ್ಯ. ಗಿಟಾರಿನ ಬೆನ್ನಿಗೆ ಒಂದು ಮಡಚುವ ಹಲಗೆ ಹಾಕಿ, ಅದನ್ನು ಹೊಟ್ಟೆಗೆ ಆನಿಸಿದರೆ ಗಿಟಾರ್ ಮೇಜಿನಂತೆ ಅಡ್ಡ ನಿಲ್ಲುವ ಉಪಾಯಕ್ಕೆ 1987ರಲ್ಲಿ ಪೇಟೆಂಟ್ ಪಡೆದರು. ಎರಡೂ ಕೈಯಿಂದ ತಂತಿ ತಟ್ಟಿ ನುಡಿಸುವವರಿಗೆ ಅದು ಬೇಕು. ಮುಂದೆ ಪೀವಿ ಕಂಪನಿಯೊಡನೆ ಆ್ಯಂಪ್ಲಿಫೈಯರ್, ಆಮೇಲೆ ಫೆಂಡರ್ ಜೊತೆ ಇವಿಹೆಚ್ ಎಂಬ ಸ್ವಂತ ಹೆಸರಿನ ಬ್ರ್ಯಾಂಡ್. ಗಿಟಾರಿಗೆ ವಾದಕರ ಹೆಸರಿಟ್ಟು ಮಾರಿದ ಪ್ರತಿಯೊಂದಕ್ಕೂ ಅವರಿಗೆ ಪಾಲು ಕೊಡುವ ವ್ಯವಹಾರ ಹಳೆಯದು. ಗಿಬ್ಸನ್ ಕಂಪನಿ ಲೆಸ್ ಪಾಲ್ ಹೆಸರಿನ ಗಿಟಾರ್ ತಂದದ್ದು 1952ರಲ್ಲಿ. ಬಾಸ್ಟನ್ ಬ್ಯಾಂಡಿನ ಟಾಮ್ ಶೋಲ್ಜ್ ಇನ್ನೂ ಒಂದು ಹೆಜ್ಜೆ ಮುಂದೆ. ಎಂಐಟಿಯಲ್ಲಿ ಓದಿದ ಎಂಜಿನಿಯರ್, ಪೋಲರಾಯ್ಡ್‌ನಲ್ಲಿ ಕೆಲಸ. 1976ರ ಮೊದಲ ಆಲ್ಬಮ್ಮಿನ ಬಹುಪಾಲನ್ನು ಮನೆಯ ನೆಲಮಾಳಿಗೆಯಲ್ಲೇ ರೆಕಾರ್ಡ್ ಮಾಡಿದರು, ಅಮೆರಿಕದಲ್ಲೇ ಅದು 1.7 ಕೋಟಿ ಪ್ರತಿ ಹೋಯಿತು. ಅದು ಸಾಲದೆಂಬಂತೆ ಹೆಡ್‌ಫೋನ್ ಹಾಕಿಕೊಂಡು ಗಿಟಾರ್ ನುಡಿಸಲು 'ರಾಕ್‌ಮ್ಯಾನ್' ಎಂಬ ಪುಟ್ಟ ಪೆಟ್ಟಿಗೆ ಮಾಡಿ, ಸ್ವಂತ ಕಂಪನಿಯಿಂದಲೇ ಮಾರಿದರು. ಕಾರ್ಲೋಸ್ ಸಂಟಾನಾ ಹೆಸರಿನಲ್ಲಿ ಹೆಂಗಸರ ಚಪ್ಪಲಿಯೂ ಬಂದಿದೆ ಅಂದರೆ ನಂಬುತ್ತೀರಾ? ಬಂದಿದೆ.

ಹೆಸರನ್ನು ಮಾರುವುದರಲ್ಲಿ ಜಿಮ್ಮಿ ಬಫೆಟ್‌ಗೆ ಸಾಟಿಯಿಲ್ಲ. ಗಿಟಾರ್ ಹಿಡಿದು ಹಾಡುವವರು, ಮಹಾ ವಾದಕರೇನಲ್ಲ. ದೊಡ್ಡ ಹಿಟ್ ಅನ್ನಿಸಿಕೊಂಡದ್ದು ಮುಖ್ಯವಾಗಿ ಒಂದೇ, 1977ರ 'ಮಾರ್ಗರಿಟಾವಿಲ್'. ಆ ಹೆಸರಿನಲ್ಲಿ 1985ರಲ್ಲಿ ಕೀ ವೆಸ್ಟ್‌ನಲ್ಲಿ ಒಂದು ಅಂಗಡಿ ಶುರುವಾಯಿತು. ಆಮೇಲೆ ಹೋಟೆಲ್, ರೆಸಾರ್ಟ್, ಕೊನೆಗೆ ನಿವೃತ್ತರ ಬಡಾವಣೆಗಳೂ ಬಂದವು. 2023ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಫೋರ್ಬ್ಸ್ ಪತ್ರಿಕೆ ಅವರ ಆಸ್ತಿಯನ್ನು 100 ಕೋಟಿ ಡಾಲರ್ ಎಂದು ಅಂದಾಜು ಮಾಡಿತ್ತು. ವೇಗವಾಗಿ ನುಡಿಸುವ ಅದೆಷ್ಟೋ ಜನ ಅವರ ಹತ್ತಿರಕ್ಕೂ ಬರಲಾರರು.

ಟೂರ್‌ಗಳ ಬಗ್ಗೆ "ದುಡ್ಡೆಲ್ಲ ಅಲ್ಲೇ ಇರುವುದು" ಎಂದು ನೀವು ಬರೆದದ್ದು ಅರ್ಧ ಸರಿ. ಯು2ದ 360° ಟೂರ್ 2009ರಿಂದ 2011ರವರೆಗೆ 110 ಕಾರ್ಯಕ್ರಮಗಳಲ್ಲಿ ತಂದದ್ದು 73.6 ಕೋಟಿ ಡಾಲರ್. ಆದರೆ ಅದು ಟಿಕೆಟ್ ಮಾರಾಟದ ಮೊತ್ತ. ಬೃಹತ್ ಸ್ಟೇಜ್‌ಗಳನ್ನು ಮೂರು ಮೂರು ಕಟ್ಟಿಸಿ, ಒಂದರಲ್ಲಿ ನುಡಿಸುವಾಗ ಇನ್ನೊಂದನ್ನು ಮುಂದಿನ ಊರಿಗೆ ಲಾರಿಗಳಲ್ಲಿ ಸಾಗಿಸುತ್ತಿದ್ದರು. ಕಾರ್ಯಕ್ರಮ ಇಲ್ಲದ ದಿನವೂ ಖರ್ಚು ನಿಲ್ಲದು. ಟೂರ್‌ನಿಂದ ನಿಜವಾಗಿ ಗಂಟು ಕಟ್ಟಲು ಕಲಿತವರು ರೋಲಿಂಗ್ ಸ್ಟೋನ್ಸ್, ಅದೂ ಪೆಟ್ಟು ತಿಂದ ಮೇಲೆ. 1960ರ ದಶಕದ ಅವರ ಹಾಡುಗಳ ಹಕ್ಕು ಮ್ಯಾನೇಜರ್ ಅಲನ್ ಕ್ಲೈನ್ ಕಂಪನಿಯ ಪಾಲಾಯಿತು. ಕೀತ್ ರಿಚರ್ಡ್ಸ್ ಬರೆದು ನುಡಿಸಿದ ಎಷ್ಟೋ ಪ್ರಸಿದ್ಧ ಗಿಟಾರ್ ಸಾಲುಗಳು ಇವತ್ತಿಗೂ ಆ ಕಂಪನಿಯ ಲೆಕ್ಕದಲ್ಲೇ ಇವೆ. ಆಗ ಅವರು ಹಣಕಾಸಿಗೆ ಹಿಡಿದದ್ದು ರೂಪರ್ಟ್ ಲೋವೆನ್‌ಸ್ಟೈನ್ ಎಂಬ ಬ್ಯಾಂಕರ್‌ನನ್ನು. ಆತನ ಸಲಹೆಯಂತೆ 1971ರಲ್ಲಿ ಬ್ರಿಟನ್ನಿನ ತೆರಿಗೆಯಿಂದ ತಪ್ಪಿಸಿಕೊಳ್ಳಲು ಇಡೀ ಬ್ಯಾಂಡ್ ದಕ್ಷಿಣ ಫ್ರಾನ್ಸಿಗೆ ಮನೆ ಬದಲಿಸಿತು. ಅದೇ ದಶಕದಲ್ಲಿ ಬ್ರಿಟನ್ನಿನಲ್ಲಿ ದುಡಿಮೆಯ ಮೇಲಿನ ಅತಿ ಹೆಚ್ಚಿನ ತೆರಿಗೆ ದರ ನೂರಕ್ಕೆ 83ಕ್ಕೆ ಮುಟ್ಟಿತು. 1989ರಲ್ಲಿ ಮೈಕಲ್ ಕೋಲ್ ಎಂಬ ಪ್ರೊಮೋಟರ್ ಊರಿಗೊಬ್ಬರಂತೆ ಇದ್ದ ವ್ಯವಸ್ಥೆಯನ್ನು ಬಿಟ್ಟು, ಟಿಕೆಟ್, ಪ್ರಾಯೋಜಕರು, ಟಿ-ಶರ್ಟ್ ಎಲ್ಲವನ್ನೂ ಒಟ್ಟಿಗೆ ಕೊಂಡು ಅವರ ಟೂರ್ ನಡೆಸಿದ. ದೊಡ್ಡ ಟೂರ್‌ಗಳೆಲ್ಲ ಇವತ್ತು ಹೆಚ್ಚುಕಡಿಮೆ ಅದೇ ಜಾಡಿನಲ್ಲಿ ಸಾಗುತ್ತವೆ.

ಬಂದ ಹಣವನ್ನು ಬೆಳೆಸುವುದು ಪ್ರತ್ಯೇಕ ವಿದ್ಯೆ, ಅದರಲ್ಲಿ ಗಿಟಾರಿಗೆ ಕೆಲಸವಿಲ್ಲ. ಒಂದೇ ಉದಾಹರಣೆ ಸಾಕು. ಕ್ಲಾಪ್ಟನ್ 2001ರಲ್ಲಿ ಜರ್ಮನ್ ಕಲಾವಿದ ಗೆರ್ಹಾರ್ಡ್ ರಿಕ್ಟರ್‌ನ ಮೂರು ಚಿತ್ರಗಳನ್ನು ಒಟ್ಟು ಸುಮಾರು 34 ಲಕ್ಷ ಡಾಲರಿಗೆ ಕೊಂಡರು. 2012ರಲ್ಲಿ ಅದರಲ್ಲಿ ಒಂದನ್ನು ಮಾರಿದಾಗ ಬಂದದ್ದು 2.13 ಕೋಟಿ ಪೌಂಡ್, ಅಂದರೆ ಸುಮಾರು 3.4 ಕೋಟಿ ಡಾಲರ್. 'ಬ್ಲ್ಯಾಕಿ'ಯ ಬೆಲೆ ನೆನಪಿದೆಯಲ್ಲ? ಗೋಡೆಗೆ ನೇತುಹಾಕಿದ ಒಂದು ಚಿತ್ರ ಅದರ ಮೂವತ್ತೈದು ಪಟ್ಟು ತಂದಿತು.

ಇತ್ತೀಚಿನ ದೊಡ್ಡ ಮೊತ್ತಗಳು ಬಂದಿರುವುದು ಹಾಡುಗಳ ಹಕ್ಕನ್ನು ಇಡಿಯಾಗಿ ಮಾರಿ. ಬಾಬ್ ಡಿಲನ್ 2020ರಲ್ಲಿ ತಮ್ಮ 600ಕ್ಕೂ ಹೆಚ್ಚು ಹಾಡುಗಳನ್ನು ಮಾರಿದರು. ಬ್ರೂಸ್ ಸ್ಪ್ರಿಂಗ್‌ಸ್ಟೀನ್ 2021ರ ಡಿಸೆಂಬರ್‌ನಲ್ಲಿ ಹಾಡು, ಮಾಸ್ಟರ್ ಎರಡನ್ನೂ ಸೋನಿಗೆ ಕೊಟ್ಟರು, ಮೊತ್ತ 50 ಕೋಟಿ ಡಾಲರ್ ಎಂದು ವರದಿಯಾಯಿತು. ವರ್ಷವರ್ಷ ರಾಯಲ್ಟಿ ಬರುತ್ತಿರುವಾಗ ಯಾಕೆ ಮಾರುತ್ತಾರೆ ಅಂತೀರಾ? ಅಮೆರಿಕದಲ್ಲಿ ರಾಯಲ್ಟಿಯ ಮೇಲೆ ಆದಾಯ ತೆರಿಗೆ, ಮೇಲಿನ ದರ ನೂರಕ್ಕೆ 37. ತಾವೇ ಬರೆದ ಹಾಡುಗಳನ್ನು ಒಟ್ಟಿಗೆ ಮಾರಿದರೆ ಅದನ್ನು ಆಸ್ತಿ ಮಾರಿದ ಲಾಭ ಎಂದು ಲೆಕ್ಕಹಾಕಲು ಕಾನೂನು ಬಿಡುತ್ತದೆ, ದರ ನೂರಕ್ಕೆ 20. ಎಂಬತ್ತು ದಾಟುತ್ತಿರುವವರಿಗೆ ಮಕ್ಕಳಿಗೆ ಹಂಚುವುದೂ ಸುಲಭ. ನೂರಾರು ಹಾಡಿನ ಹಕ್ಕಿಗಾಗಿ ಕಿತ್ತಾಡುವುದಕ್ಕಿಂತ ಬ್ಯಾಂಕಿನಲ್ಲಿರುವ ಹಣ ಭಾಗ ಮಾಡುವುದು ಮೇಲಲ್ವಾ?

ಪತ್ರದ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಪ್ರಶ್ನೆ ಸೇರಿಸಿದ್ದೀರಿ: 27ಕ್ಕೇ ಹೋದ ಜಿಮಿ ಹೆಂಡ್ರಿಕ್ಸ್‌ನ ಹಣ ಯಾರಿಗೆ ಸೇರಿತು? ಆತ 1965ರ ಅಕ್ಟೋಬರ್‌ನಲ್ಲಿ, ಇನ್ನೂ ಯಾರಿಗೂ ಗೊತ್ತಿಲ್ಲದಿದ್ದಾಗ, ಎಡ್ ಚಾಲ್ಪಿನ್ ಎಂಬ ನಿರ್ಮಾಪಕನಿಗೆ ಮೂರು ವರ್ಷದ ಒಪ್ಪಂದ ಬರೆದುಕೊಟ್ಟಿದ್ದ. ಕೈಗೆ ಬಂದದ್ದು 1 ಡಾಲರ್, ಮುಂದಿನ ರಾಯಲ್ಟಿ ನೂರಕ್ಕೆ 1. ಹೆಸರು ಬಂದ ಮೇಲೆ ಚಾಲ್ಪಿನ್ ಆ ಕಾಗದ ಹಿಡಿದು ಕೋರ್ಟಿಗೆ ಹೋದ, ರಾಜಿಗಾಗಿ ಒಂದು ಇಡೀ ಆಲ್ಬಮ್ಮನ್ನೇ ಬಿಟ್ಟುಕೊಡಬೇಕಾಯಿತು. 1970ರಲ್ಲಿ ಬಂದ 'ಬ್ಯಾಂಡ್ ಆಫ್ ಜಿಪ್ಸೀಸ್' ಅದೇ. ಅದೇ ವರ್ಷದ ಸೆಪ್ಟೆಂಬರ್ 18ರಂದು ಹೆಂಡ್ರಿಕ್ಸ್ ಲಂಡನ್ನಿನಲ್ಲಿ ತೀರಿಕೊಂಡಾಗ ಉಯಿಲು ಇರಲಿಲ್ಲ. ಎಲ್ಲವೂ ತಂದೆ ಆಲ್ ಅವರಿಗೆ ಬಂತು. ವ್ಯವಹಾರ ನೋಡಿಕೊಳ್ಳುತ್ತಿದ್ದವರ ಕೈಯಲ್ಲಿ ಹಕ್ಕುಗಳು ಎಲ್ಲೆಲ್ಲಿಗೋ ಹೋಗಿದ್ದವು. ಆಲ್ 1993ರಲ್ಲಿ ದಾವೆ ಹೂಡಿದರು, ಖರ್ಚಿಗೆ ಮೈಕ್ರೋಸಾಫ್ಟ್ ಸ್ಥಾಪಕರಲ್ಲೊಬ್ಬರಾದ ಪಾಲ್ ಆ್ಯಲನ್ ಸಾಲ ಕೊಟ್ಟರು. 1995ರಲ್ಲಿ ಹಕ್ಕು ವಾಪಸ್ ಬಂತು, 'ಎಕ್ಸ್‌ಪೀರಿಯನ್ಸ್ ಹೆಂಡ್ರಿಕ್ಸ್' ಎಂಬ ಕಂಪನಿ ಆಯಿತು. 2002ರಲ್ಲಿ ಆಲ್ ತೀರಿಕೊಂಡಾಗ ಜಿಮಿಯ ತಮ್ಮ ಲಿಯಾನ್‌ಗೆ ಉಯಿಲಿನಲ್ಲಿ ಸಿಕ್ಕಿದ್ದು ಒಂದು ಗೋಲ್ಡ್ ರೆಕಾರ್ಡ್ ಮಾತ್ರ. ಲಿಯಾನ್ ಕೋರ್ಟಿಗೆ ಹೋದರೂ 2004ರಲ್ಲಿ ತೀರ್ಪು ಅವರ ವಿರುದ್ಧ ಬಂತು. ಕಂಪನಿಯನ್ನು ನಡೆಸುವುದು ಆಲ್ ದತ್ತು ಪಡೆದ ಮಗಳು ಜೇನಿ ಹೆಂಡ್ರಿಕ್ಸ್. ನೀವು ಇವತ್ತು ಹೆಂಡ್ರಿಕ್ಸ್ ರೆಕಾರ್ಡ್ ಕೊಂಡರೆ ಕುಟುಂಬದ ಪಾಲಿನ ಹಣ ಹೋಗುವುದು ಆ ಕಂಪನಿಗೆ.

ಇಂತಿ ನಿಮ್ಮ,
ಸಂಪಾದಕ